ಒಂದೊಂದು ನಿಮಿಷದ ತುಂಡುಗಳು

ಭಾನುವಾರ, ಬೆಳಗಿನ ಹೊತ್ತು

ನನ್ನ ಪೀಪಿಗೆ,

ನಿನ್ನ ಕಾಗೆಯ ನೆನಪುಗಳು. ದೇವರ ದಯೆಯಿಂದ ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಭಾವ ಎಲ್ಲ ಹೇಳಿದರು. ಗಂಟಲಿನ ಗಾಯ ಮಾಗಿದೆ, ಊಟ ಇಳಿಯುತ್ತಿದೆ, ಆದರೆ ದನಿ ಇನ್ನು ಬರುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರಂತೆ. ಅದಕ್ಕೆ ನೀನು ಸ್ಲೇಟಿನ ಮೇಲೆ, ಹೋದರೆ ಹೋಯಿತು, ನಾನೇನು ದೊಡ್ಡ ಹಾಡುಗಾರ್ತಿಯೇ ಎಂದು ಬರೆದು ತೋರಿಸಿದೆಯಂತೆ. ನಾನು ಎದುರಿಗಿದ್ದಿದ್ದರೆ ಆ ಸ್ಲೇಟನ್ನೇ ಒಡೆದುಹಾಕುತ್ತಿದ್ದೆ.

ಫೋನು ಮಾಡಬೇಡ ಎಂದಿದ್ದೀಯ. ನನ್ನ ಮಾತು ಕೇಳಿಸಿಕೊಂಡು ತಿರುಗಿ ಬೈಯಲಾಗದೆ ಕೂರುವುದು ಕಷ್ಟವಂತೆ. ಸರಿ, ಅದಕ್ಕೇ ಈ ಕಾಗದ. ಜೀವನವಿಡೀ ಟೈಪು ಮಾಡಿದ ಕೈ, ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೋ.

ಹೋದ ತಿಂಗಳು ನಿನ್ನ ಮಗಳು ನಿನಗೆ ತಿಳಿಯದಂತೆ ಫೋನು ಮಾಡಿದ್ದಳು. ಅವಳನ್ನು ಬೈಯಬೇಡ. "ಚಿಕ್ಕಮ್ಮಾ, ನಮ್ಮಮ್ಮ ಹಾಡ್ತಿದ್ರು ಅಂತ ಅಪ್ಪ ಹೇಳ್ತಾರೆ, ನಿಜಾನಾ? ಅಮ್ಮನ್ನ ಕೇಳಿದ್ರೆ 'ಸುಳ್ಳು' ಅಂತ ದೊಡ್ಡದಾಗಿ ಬರೀತಾರೆ" ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ನಿನ್ನ ಹಾಡು ಕೇಳಿಲ್ಲವೇ? ಅವಳ ಫೋನಿನಲ್ಲಿ ನಿನ್ನ ದನಿ ಒಂದಿಷ್ಟು ಇದೆಯಂತೆ. ಏನಿದೆ ಎಂದು ಕೇಳಿದೆ. "ಬರೀ 'ಊಟಕ್ಕೆ ಬಾ', 'ಫ್ಯಾನ್ ಆರಿಸು', ಅಷ್ಟೇ ಚಿಕ್ಕಮ್ಮಾ" ಎಂದು ಅತ್ತುಬಿಟ್ಟಳು.

ನೀನು ಹಾಡು ನಿಲ್ಲಿಸಿದ್ದು ಯಾವಾಗ ಎಂದು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅಡುಗೆಮನೆಯಲ್ಲಿ ಹಾಡುತ್ತಿದ್ದಾಗ ನಿಮ್ಮ ಮಾವನವರು, "ಯಾರಮ್ಮಾ ಅದು, ಆ ರೇಡಿಯೋ ಆಫ್ ಮಾಡಿ" ಎಂದರು. ಮನೆಮಂದಿಯೆಲ್ಲ ನಕ್ಕರು, ನೀನೂ ನಕ್ಕೆ. ನಗುತ್ತಲೇ ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ತೀರಿಹೋದ ಹಿರಿಯರನ್ನು ಆಡಿಕೊಳ್ಳಬಾರದು, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೂ ಹೊಟ್ಟೆ ಉರಿಯುತ್ತದೆ.

ನಿನ್ನ ಮಗಳ ಫೋನು ಇಟ್ಟ ಮೇಲೆ ದೇವರ ಮುಂದೆ ಕೂತೆ. ನಿನ್ನ ದನಿ ವಾಪಸು ಕೊಡು ಎಂದು ಅಷ್ಟು ದಿನ ಬೇಡಿದ್ದೆ, ಕೊಟ್ಟಿರಲಿಲ್ಲ. ಅವತ್ತು ಏನೂ ಕೇಳದೆ ಸುಮ್ಮನೆ ಕೂತಿದ್ದಾಗ ಮನಸ್ಸಿಗೆ ಬಂದದ್ದು ನಮ್ಮ ಟೈಪಿಂಗ್ ಅಂಗಡಿ. ಮೆಟ್ಟಿಲೇರಿದರೆ ಎಡಗಡೆಯ ಕೋಣೆ, ಕಿಟಕಿ ಪಕ್ಕದ ಕಂಪ್ಯೂಟರು ನಿನ್ನದು, ಗೋಡೆ ಕಡೆಯದು ನನ್ನದು. ಪ್ರಶ್ನೆಪತ್ರಿಕೆ, ಮದುವೆ ಕಾಗದ, ಮನೆ ಬಾಡಿಗೆ ಪತ್ರ. ಮಧ್ಯಾಹ್ನ ಓನರು ಊಟಕ್ಕೆ ಹೋದರೆ ಆ ಕೋಣೆಗೆ ನಾವೇ ರಾಣಿಯರು. ಕಂಪ್ಯೂಟರಿನ ಜೊತೆ ಪುಕ್ಕಟೆ ಬಂದಿದ್ದ ಮೈಕು ನೆನಪಿದೆಯೇ? ಒಂದು ಮಧ್ಯಾಹ್ನ ನಾನು ಅದನ್ನು ನಿನ್ನ ಬಾಯಿಗೆ ಹಿಡಿದೆ. ನೀನು ನಿಮ್ಮಜ್ಜಿ ಕಟ್ಟಿದ ಹಾಡು ಹಾಡಿದೆ. "ಎಣ್ಣೆ ನನ್ನದು, ಬತ್ತಿ ನನ್ನದು, ಬೆಳಕು ನಿನ್ನದು ತಂದೆ." ಆ ಕಂಪ್ಯೂಟರೋ, ಒಂದು ನಿಮಿಷವಾಯಿತೆಂದರೆ ತಾನೇ ನಿಂತುಬಿಡುತ್ತಿತ್ತು. ಮತ್ತೆ ಒತ್ತು, ಮತ್ತೆ ಹಾಡು. ಹಾಡು ತುಂಡು ತುಂಡಾಗಿ ಒಳಗೆ ಹೋಯಿತು. ಓನರಿಗೆ ಕಾಣದಿರಲೆಂದು ಗಣಿತದ ಪ್ರಶ್ನೆಪತ್ರಿಕೆಗಳ ನಡುವೆ ಬಚ್ಚಿಟ್ಟೆವು.

ಮರುದಿನವೇ ಓನರ ಮನೆಗೆ ಹೋದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತಲ್ಲ, ಹಳೆಯ ಸಾಮಾನೆಲ್ಲ ಮನೆಯ ಅಟ್ಟದಲ್ಲಿತ್ತು. ಅವರಿಗೀಗ ಕೋಲಿಲ್ಲದೆ ನಡೆಯಲಾಗದು, ನಾಲಿಗೆ ಮಾತ್ರ ಹಾಗೇ ಇದೆ. "ಗುಜರಿಯವನು ಕೂಡ ಮೂಸಿ ನೋಡಿ ಬಿಟ್ಟುಹೋದ ಡಬ್ಬ ಅದು, ನಿಂಗ್ಯಾಕಮ್ಮಾ?" ಎಂದರು. ನಿನ್ನ ಸುದ್ದಿ ಹೇಳಿದೆ. "ಆ ಹಾಡೋ ಹುಡುಗಿನಾ?" ಎಂದರು. ಪೀಪಿ, ಅವರಿಗೆ ಗೊತ್ತಿತ್ತು ಕಣೇ! ಊಟ ಮುಗಿಸಿ ಬಂದು ಮೆಟ್ಟಿಲ ಮೇಲೇ ನಿಂತಿರುತ್ತಿದ್ದರಂತೆ. ನಿನ್ನ ಹಾಡು ಮುಗಿದ ಮೇಲೆ ಜೋರಾಗಿ ಕೆಮ್ಮಿಕೊಂಡು ಒಳಗೆ ಬರುತ್ತಿದ್ದರಂತೆ. ಆ ಕೆಮ್ಮಿಗೆ ನಾವೆಷ್ಟು ಹೆದರಿ ಕೀಲಿಮಣೆ ಕುಟ್ಟುತ್ತಿದ್ದೆವು!

ಡಬ್ಬ ಮನೆಗೆ ತಂದು, ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೈಮುಗಿದು ಸ್ವಿಚ್ ಹಾಕಿದೆ. ಒಳಗಿನಿಂದ ಟಕ್ ಟಕ್ ಟಕ್ ಎಂದು ಮರಕುಟಿಗನ ಸದ್ದು. ಹೆದರಿ ಆರಿಸಿ ರಿಪೇರಿಯವರ ಬಳಿ ಹೊತ್ತುಕೊಂಡು ಹೋದೆ. ಬಸ್ ನಿಲ್ದಾಣದ ಹಿಂದೆ, ಟೈಲರ್ ಅಂಗಡಿಯ ಪಕ್ಕದಲ್ಲಿ ಅವರ ಅಂಗಡಿ. ನನ್ನ ವಯಸ್ಸಿನವರೇ, ಮೂಗಿನ ತುದಿಯಲ್ಲಿ ಕನ್ನಡಕ. ಒದ್ದೆ ಬಟ್ಟೆಯ ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಇಷ್ಟು ವರ್ಷ ಮಲಗಿದ್ದವರಿಗೆ ತಣ್ಣೀರು ಹಾಕಿ ಎಬ್ಬಿಸಿ, ಏಳಿ ಓಡಿ ಅಂದ್ರೆ ಓಡ್ತಾರೇನಮ್ಮಾ?" ಎಂದರು. ತಪ್ಪಾಯಿತೆಂದೆ. ನೆನಪೆಲ್ಲ ಇರುವುದು ಒಳಗಿನ ಒಂದು ಸಣ್ಣ ಕಬ್ಬಿಣದ ಪೆಟ್ಟಿಗೆಯಲ್ಲಂತೆ, ಹಾರ್ಡ್ ಡಿಸ್ಕು. ಅದನ್ನು ಬಿಚ್ಚಿ ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ, ಮೊದಲು ಇದ್ದಬದ್ದದ್ದನ್ನೆಲ್ಲ ಇದ್ದ ಹಾಗೇ ನಕಲು ಮಾಡಿಕೊಂಡರು. ಹುಡುಕುವುದೆಲ್ಲ ನಕಲಿನಲ್ಲಿ. "ಮೂಲದವರು ಯಾವಾಗ ಪ್ರಾಣ ಬಿಡ್ತಾರೋ ಗೊತ್ತಿಲ್ಲ" ಎಂದರು. ನಕಲು ಮುಗಿದ ಮೇಲೆ ಅದು ಮತ್ತೆ ಎದ್ದೇಳಲಿಲ್ಲ. ಮಾಡುವ ಕೆಲಸ ಮುಗಿಸಿಯೇ ಹೋಯಿತು, ಪುಣ್ಯಾತ್ಮ.

ಆಮೇಲೆ ಕರೆದು, "ಸಿಕ್ಕಿದೆ, ಆದ್ರೆ ಹೆಸರೆಲ್ಲ ಹೋಗಿದೆ, ಒಳಗಿರೋದು ಮಾತ್ರ ಉಳಿದಿದೆ" ಎಂದರು. ಎಲ್ಲಕ್ಕೂ ಬರೀ ನಂಬರು. ಸದ್ದಿರುವ ಫೈಲುಗಳೇ ರಾಶಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೂರಿಸಿದರು. ಒಂದನ್ನು ಒತ್ತಿದರೆ ಟಣ್, ಇನ್ನೊಂದನ್ನು ಒತ್ತಿದರೆ ಟೊಂಯ್. ಎಲ್ಲ ಆ ಕಂಪ್ಯೂಟರಿನದೇ ಗಂಟೆ ಜಾಗಟೆ. ದೇವರ ಹೆಸರು ಹೇಳಿಕೊಂಡು ಒಂದೊಂದೇ ಒತ್ತುತ್ತಾ ಹೋದೆ. ರಿಪೇರಿಯವರು ಊಟ ಮಾಡಿ ಬಂದರು, ನಾನು ಏಳಲಿಲ್ಲ.

ಕೊನೆಗೆ ಒಂದರಲ್ಲಿ ಫ್ಯಾನು ತಿರುಗುವ ಸದ್ದು. ನಮ್ಮ ಅಂಗಡಿಯ ಫ್ಯಾನು, ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತಲ್ಲ, ಅದೇ. ಅದರ ಹಿಂದೆಯೇ ಒಂದು ಕರ್ಕಶ ದನಿ ಹಾಡತೊಡಗಿತು. ನಾನು! ನಿನ್ನ ಜೊತೆ ಸೇರಿಕೊಂಡು ನಿನ್ನನ್ನು ಮುಳುಗಿಸಿಬಿಟ್ಟಿದ್ದೇನೆ. ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ಅಷ್ಟರಲ್ಲಿ ನೀನು, "ಏಯ್ ಕಾಗೆ, ಬಾಯ್ಮುಚ್ಚೇ! ಅಜ್ಜಿ ಎದ್ದು ಬರ್ತಾರೆ!" ಎಂದೆ. ನಾನು ಬಾಯಿ ಮುಚ್ಚಿದೆ. ಆಮೇಲೆ ನೀನೊಬ್ಬಳೇ.

ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ನಾನು ಅಳಲಿಲ್ಲ. ರಿಪೇರಿಯವರು ಯಾಕೋ ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ, ನೀರಿನ ಲೋಟ ತಂದಿಟ್ಟರು.

ತುಂಡುಗಳೆಲ್ಲ ಹಿಂದುಮುಂದಾಗಿದ್ದವು. ಯಾವುದರ ನಂತರ ಯಾವುದು ಎಂದು ನಾನು ಹೇಳುತ್ತಾ ಹೋದೆ, ಅವರು ಜೋಡಿಸಿದರು. ಮೂರನೆಯ ನುಡಿ ಮಾತ್ರ ಸಿಗಲಿಲ್ಲ. ಆಮೇಲೆ ಟೈಪು ಮಾಡಿದ ಯಾರದೋ ಬಾಡಿಗೆ ಪತ್ರ ಆ ಜಾಗದ ಮೇಲೆ ಕೂತು ಅದನ್ನು ಅಳಿಸಿಹಾಕಿದೆಯಂತೆ. "ನಿಮಗೆ ಹಾಡು ಗೊತ್ತಲ್ಲ, ನೀವೇ ಹಾಡಿ, ನಡುವೆ ಸೇರಿಸ್ತೀನಿ" ಎಂದರು. ಒಂದು ಸಲ ಕೆಡಿಸಿದ್ದು ಸಾಕು ಎಂದೆ. ಅಲ್ಲಿ ಖಾಲಿ ಬಿಟ್ಟಿದ್ದಾರೆ.

ಈಗ ನಿನ್ನನ್ನು ಒಂದು ಮಾತು ಕೇಳಬೇಕು. ಹಳೆಯ ಹಾಡು ಹುಡುಕಿಸುತ್ತಿದ್ದೇನೆ ಎಂದಷ್ಟೇ ನಿನ್ನ ಮಗಳಿಗೆ ಹೇಳಿದ್ದೆ, ಸಿಕ್ಕಿತು ಎಂದು ಹೇಳಿಲ್ಲ. ದಿನಾ ಕೇಳುತ್ತಾಳೆ, ಹುಡುಕುತ್ತಿದ್ದಾರೆ ಎಂದು ಸಾಗಹಾಕುತ್ತಿದ್ದೇನೆ. ದೇವರು ಕ್ಷಮಿಸಲಿ. ದನಿ ನಿನ್ನದು, ನೀನು ಒಪ್ಪದೆ ಯಾರ ಕಿವಿಗೂ ಹಾಕಲಾರೆ. ಹೋದದ್ದನ್ನು ಹೀಗೆ ಮುಂದೆ ತಂದಿಟ್ಟರೆ ಮಾಗಿದ ಗಾಯ ಕೆದಕಿದಂತಾಗುತ್ತದೋ ಎಂಬ ಅಳುಕೂ ಇದೆ. ಬೇಡವೆಂದರೆ ನನ್ನ ಹತ್ತಿರವೇ ಇರುತ್ತದೆ.

ಮುಂದಿನ ಭಾನುವಾರ ಬೆಳಿಗ್ಗೆ, ನೀನು ಬೇಡ ಎಂದಿದ್ದರೂ ಫೋನು ಮಾಡುತ್ತೇನೆ. ನಾನು ಒಂದು ಮಾತೂ ಆಡುವುದಿಲ್ಲ. ಇದು ಕಾಗೆಯ ಆಣೆ. ಹಾಡು ಮಾತ್ರ ಹಾಕುತ್ತೇನೆ. ಕೇಳಬೇಡವೆನಿಸಿದರೆ ಇಟ್ಟುಬಿಡು, ಕೋಪವಿಲ್ಲ. ಕೇಳಿ, ಮಗಳಿಗೆ ಕೊಡಬಹುದು ಅನ್ನಿಸಿದರೆ, ಮೂರನೆಯ ನುಡಿಯ ಖಾಲಿ ಬರುತ್ತದಲ್ಲ, ಅಲ್ಲಿ ಉಂಗುರದ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕು, ಅವತ್ತು ಹಾಕುತ್ತಿದ್ದೆಯಲ್ಲ, ಹಾಗೆ. ಗಂಟಲು ಹೋದರೇನು, ಕೈ ಇದೆಯಲ್ಲ.

ಭಾವನಿಗೆ ನಮಸ್ಕಾರ. ಔಷಧಿ ತಪ್ಪಿಸಬೇಡ.

ಇಂತಿ, ಬಾಯ್ಮುಚ್ಚಿಕೊಂಡಿರುವ
ನಿನ್ನ ಕಾಗೆ

ತಾ.ಕ.: ಇನ್ನೊಂದು ತುಂಡು ಸಿಕ್ಕಿದ್ದನ್ನು ಮೇಲೆ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕಾಗದ ಒದ್ದೆಯಾಗುತ್ತಿತ್ತು. ಅದರಲ್ಲಿ ಹಾಡಿಲ್ಲ. ಮೈಕು ಆರಿದೆ ಎಂದುಕೊಂಡು ನಾವು ಮಾತಾಡಿದ್ದೇವೆ. ನಾನು, "ಅಳಿಸಿಬಿಡೇ, ಓನರ್ ನೋಡಿದ್ರೆ ಇಬ್ರನ್ನೂ ಮನೆಗೆ ಕಳಿಸ್ತಾರೆ" ಎನ್ನುತ್ತೇನೆ. ನೀನು ನಗುತ್ತೀಯ. "ಇರ್ಲಿ ಬಿಡೇ. ಮುದುಕಿಯರಾದಾಗ ನನ್ ದನಿ ಹೋಗಿರುತ್ತೆ, ನಿನ್ ಕಿವಿ ಹೋಗಿರುತ್ತೆ. ಆಗ ಜೋರಾಗಿ ಹಾಕ್ಕೊಂಡು ಕೇಳೋಣ" ಎನ್ನುತ್ತೀಯ. ಆಮೇಲೆ ಮೆಟ್ಟಿಲ ಮೇಲೆ ಓನರ ಕೆಮ್ಮು.

ನನ್ನ ಕಿವಿ ಇನ್ನೂ ಚೆನ್ನಾಗಿದೆ ಪೀಪಿ. ಮೆಲ್ಲಗೆ ತಟ್ಟಿದರೂ ಕೇಳಿಸುತ್ತದೆ.