ಉಂಡು ಹೋದ ದಿನ

ಫೆಬ್ರವರಿ 3, ಸೋಮವಾರ

ದೊಡ್ಡ ಪಾತ್ರೆಯ ಅನ್ನ ಮತ್ತೆ ತಳ ಹಿಡಿಯಿತು. ಹೊಸ ಬರ್ನರು ಒಂದೇ ಕಡೆ ಉರಿಯುತ್ತದೆ. ಮ್ಯಾನೇಜರಿಗೆ ಮತ್ತೆ ಹೇಳಿದೆ. "ನೋಡೋಣ" ಅಂದರು. ನಮ್ಮ ಕ್ಯಾಂಟೀನಿನಲ್ಲಿ ಎಂದೂ ಸೀಯದ ಪದಾರ್ಥ ಅದೊಂದೇ.

ಸಂಜೆ ಸಂಘದ ಮೀಟಿಂಗ್. ಹೊಟ್ಟೆ, ಕರುಳಿನ ಕಾಯಿಲೆಯವರ ಸಂಘ. ನನಗೇನೂ ಕಾಯಿಲೆಯಿಲ್ಲ. ಇದ್ದದ್ದು ತಂಗಿಗೆ. ಕರುಳಿನ ತುಂಬ ಹುಣ್ಣು. ಮೊದಲ ಮೂರು ವರ್ಷ ಡಾಕ್ಟರುಗಳು ಬರೀ ಟೆನ್ಷನ್ ಅಂದರು. ಹೋದ ಬೇಸಿಗೆಯಲ್ಲಿ ಆಪರೇಷನ್ ಆಯಿತು. ಮನೆಗೆ ಬರಲಿಲ್ಲ... ಅವಳು ಹೋದ ಮೇಲೂ ನಾನು ಮೀಟಿಂಗಿಗೆ ಹೋಗುತ್ತೇನೆ. ಯಾಕೆ ಅಂತ ಯಾರೂ ಕೇಳಿಲ್ಲ. ಅದೇ ಒಳ್ಳೆಯದು.

ಆ ರೂಮಿನಲ್ಲಿ ಕುರ್ಚಿಗಳೆಲ್ಲ ಬಾಗಿಲ ಬದಿಗೇ ಸರಿದಿರುತ್ತವೆ. ಗೋಡೆಯ ಕಡೆಯದು ನನಗೆ.

ಮೇಷ್ಟ್ರು ಸುದ್ದಿ ತಂದಿದ್ದರು. ಸಂಘ ನಡೆಸುವವರು ಅವರೇ. ರಿಟೈರ್ಡ್ ಗಣಿತದ ಮೇಷ್ಟ್ರು, ತಂಗಿಯದೇ ಕಾಯಿಲೆ. ನಾವು ಕೇಳಿದ್ದ ಮಸೂದೆ ವಿಧಾನಸಭೆಯ ಆರೋಗ್ಯ ಸಮಿತಿಯ ಮುಂದೆ ಬಂದಿದೆಯಂತೆ. ಅದರಲ್ಲಿ ಎರಡು ಭಾಗ. ಒಂದು, ಕಾಯಿಲೆಯ ಕಾರ್ಡು ತೋರಿಸಿದವರಿಗೆ ಯಾವ ಅಂಗಡಿ, ಆಫೀಸಿನವರೂ ಟಾಯ್ಲೆಟ್ ಇಲ್ಲ ಅನ್ನಬಾರದು. ಇನ್ನೊಂದು, ಈ ಕಾಯಿಲೆಗಳ ಸಂಶೋಧನೆಗೆ ಸರ್ಕಾರ ವರ್ಷ ವರ್ಷ ಹಣ ಇಡಬೇಕು. ಸಮಿತಿಯವರು ನಮ್ಮ ಮಾತು ಕೇಳುತ್ತಾರೆ. ನಾಲ್ಕು ಜನ ಹೋಗಬಹುದು. ಮೇಷ್ಟ್ರು, ಮತ್ತೆ ಸಂಘದವರೇ ಆದ ಕಂಡಕ್ಟರ್, ಟೈಲರ್. ನಾಲ್ಕನೆಯದು ತಂಗಿಯ ಹೆಸರು, ಮೊದಲೇ ಬರೆದದ್ದು.

"ಅಕ್ಕ, ನೀವು ಬನ್ನಿ," ಅಂದಳು ಟೈಲರ್.

"ನಂಗೆ ಮಾತು ಬರಲ್ಲ."

"ಮಾತು ಯಾರಿಗೆ ಬೇಕು? ನಾವು ಮೂವರೂ ಟಾಯ್ಲೆಟ್ಟಿಗೆ ಹೋದಾಗ ಬ್ಯಾಗ್ ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಹಳ ದಿನದ ಮೇಲೆ.

ಫೆಬ್ರವರಿ 6

ಅಮ್ಮನಿಗೆ ಹೇಳಿದೆ. ಬಟಾಣಿ ಸುಲಿಯುತ್ತಿದ್ದಳು.

"ಹೊಟ್ಟೆ ಕೆಟ್ಟಿದ್ದನ್ನ ದೊಡ್ಡವರ ಮುಂದೆ ಹೋಗಿ ಹೇಳ್ಕೋತೀರಾ? ನಾಚಿಕೆ ಬೇಡ್ವಾ?"

"ಅವಳೇ ಹೋಗೋಳಿದ್ಲು ಅಮ್ಮ."

ಸಿಪ್ಪೆಯನ್ನು ಪಾತ್ರೆಗೂ ಬಟಾಣಿಯನ್ನು ಕಸಕ್ಕೂ ಹಾಕುತ್ತ ಹೋದಳು. ಅವಳು ಎದ್ದ ಮೇಲೆ ಆರಿಸಿಕೊಂಡೆ.

ಫೆಬ್ರವರಿ 19, ಸಂಜೆ

ಹೋಗಿ ಬಂದೆವು.

ಎತ್ತರದ ಚಾವಣಿ, ಉದ್ದ ಮೇಜು, ನೀರಿನ ಬಾಟಲಿಗಳು. ಸಮಿತಿಯ ಅಧ್ಯಕ್ಷರು ಮರ್ಯಾದಸ್ಥರು. ಅಸಿಡಿಟಿ ಮಾತ್ರೆ ಚೀಪುತ್ತ ಎಲ್ಲವನ್ನೂ ಕೇಳಿದರು. ಮೇಷ್ಟ್ರು ಅಂಕಿ ಅಂಶ ಹೇಳಿದರು. ಒಂದೂ ತಪ್ಪಲಿಲ್ಲ. ಇಸ್ತ್ರಿ ಅಂಗಿ, ನೇರ ಬೆನ್ನು. ಕಂಡಕ್ಟರ್ ಕೆಲಸ ಹೋದ ಕಥೆ ಹೇಳಿದ. ತುಂಬಿದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಹೊಲಕ್ಕೆ ಓಡಿದ್ದು, ಪ್ಯಾಸೆಂಜರುಗಳು ಕಂಪ್ಲೇಂಟ್ ಬರೆದದ್ದು. ಟೈಲರ್ ತನ್ನ ಹೊಟ್ಟೆಗೆ ಅಂಟಿಸಿರುವ ಚೀಲದ ವಿಷಯ ಹೇಳಿದಳು. ಕರುಳನ್ನು ಹೊಟ್ಟೆಯ ಮೇಲೆ ತೆರೆದಿದ್ದಾರೆ, ಹೊರಗೆ ಬರುವುದೆಲ್ಲ ಆ ಚೀಲಕ್ಕೆ. ಅವಳೇ ಹೊಲಿದ ಉಡುಪು. ಚೀಲ ಇದೆಯೆಂದು ಯಾರೂ ಹೇಳಲಾರರು.

ಕೊನೆಗೆ ಅಧ್ಯಕ್ಷರು ಅಂದರು: "ತಪ್ಪು ತಿಳ್ಕೋಬೇಡಿ. ನಿಮ್ಮನ್ನ ನೋಡಿದ್ರೆ ಅಂಥಾ ಕಾಯಿಲೆ ಇದೆ ಅನ್ಸೋದೇ ಇಲ್ಲ. ಸಂತೋಷ. ಟಾಯ್ಲೆಟ್ ವಿಷಯ ಒಪ್ಕೋಬಹುದು, ಅದಕ್ಕೆ ಖರ್ಚಿಲ್ಲ. ರಿಸರ್ಚ್ ಹಣ ಈ ಸಲ ಬಿಟ್ಟುಬಿಡೋಣ. ಹೊಟ್ಟೆನೋವು ಯಾರಿಗಿಲ್ಲ ಹೇಳಿ?"

ಕೊನೇ ತೀರ್ಮಾನ ಮುಂದಿನ ತಿಂಗಳು. ಅಂದು ಇನ್ನೊಮ್ಮೆ ಬರಬಹುದಂತೆ.

ಎಲ್ಲರಿಗೂ ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ಅನ್ನ, ಬೇಯಿಸಿದ ಆಲೂಗಡ್ಡೆ, ಖಾರವಿಲ್ಲ, ಎಣ್ಣೆಯಿಲ್ಲ. ಯಾರೂ ಮುಟ್ಟಲಿಲ್ಲ. ಟೈಲರ್ ಡಬ್ಬಿ ಬಿಚ್ಚಿದ್ದು ಅವಳ ಮನೆಯ ಗೇಟಿನೊಳಗೆ ಕಾಲಿಟ್ಟ ಮೇಲೆ. ನಿಂತಲ್ಲೇ ಗಬಗಬ ತಿಂದಳು.

ಫೆಬ್ರವರಿ 21

ಅದೇ ತಲೆಯಲ್ಲಿ ಸುತ್ತುತ್ತಿದೆ.

ಹೊರಗೆ ಹೋಗುವುದಿದ್ದರೆ ಇವರು ಯಾರೂ ಹಿಂದಿನ ದಿನದಿಂದಲೇ ಉಣ್ಣುವುದಿಲ್ಲ. ನೀರೂ ಇಲ್ಲ. ತಂಗಿಯೂ ಹಾಗೆಯೇ. ಚಿಕ್ಕಪ್ಪನ ಮಗನ ಮದುವೆ ಫೋಟೋದಲ್ಲಿ ಎಷ್ಟು ಚೆಂದ ಕಾಣುತ್ತಾಳೆ. ಎರಡು ದಿನದ ಉಪವಾಸ ಅದು. ಎಲ್ಲರೂ ‘ಹುಷಾರಾಗಿದ್ದಾಳೆ’ ಅಂದರು. ಅವಳಿಗೆ ಬೇಕಾಗಿದ್ದೂ ಅದೇ.

ಸಮಿತಿಯವರದ್ದೇನು ತಪ್ಪು? ಅವರು ಕಂಡದ್ದು ಉಪವಾಸವನ್ನು. ಕಾಯಿಲೆಯನ್ನು ಇವರು ಮನೆಯಲ್ಲೇ ಬಿಟ್ಟು ಹೋಗಿದ್ದರು.

ಫೆಬ್ರವರಿ 24

ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿದೆ. "ಮುಂದಿನ ಸಲ ಉಂಡು ಹೋಗೋಣ."

ಕಂಡಕ್ಟರ್ ನೆಲ ನೋಡಿದ.

ಮೇಷ್ಟ್ರು ನಿಧಾನವಾಗಿ ಅಂದರು, "ನೀವು ಕೇಳ್ತಿರೋದು ಏನು ಅಂತ ಗೊತ್ತಾ ತಾಯಿ? ಜನರ ಮುಂದೆ ಮಾನ ಕಳ್ಕೊಳ್ಳಿ ಅಂತ."

"ಇಲ್ಲ ಮೇಷ್ಟ್ರೇ. ಅವರೆಲ್ಲ ಉಂಡು ಬಂದಿರ್ತಾರೆ. ನೀವೂ ಉಂಡು ಬನ್ನಿ ಅಂದೆ, ಅಷ್ಟೇ."

"ಅಷ್ಟೇ ಅಂದ್ರೆ..."

ಟೈಲರ್ ಅಂದಳು, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಮ್ಮದು ಉಲ್ಟಾ. ಬಾಯಿ ಮೊಸರಾದ್ರೆ ಮಿಕ್ಕಿದ್ದೆಲ್ಲ ಕೆಸರು. ನಾನು ತಿಂತೀನಿ ಅಕ್ಕ. ನನ್ನ ಮಾನ ಯಾವ್ಯಾವುದೋ ಬಸ್‌ಸ್ಟ್ಯಾಂಡಲ್ಲಿ ಬಿದ್ದಿದೆ, ಇನ್ನೊಂದು ಕಡೆ ಬಿದ್ರೆ ಏನಾಗುತ್ತೆ."

ಮೇಷ್ಟ್ರು ನಗಲಿಲ್ಲ. ಚೀಟಿಗಳನ್ನು ಜೋಡಿಸಿಕೊಂಡು ಎದ್ದು ಹೋದರು. ನನಗೆ ಹೇಳಬಾರದಿತ್ತು ಅನಿಸಿತು. ಹಾಗೆ ಅನಿಸಿದ್ದಕ್ಕೆ ಸಿಟ್ಟೂ ಬಂತು.

ಮಾರ್ಚ್ 8

ಮೇಷ್ಟ್ರ ಫೋನ್. "ಏನು ಮಾಡ್ತೀರಿ ಅವತ್ತು?"

"ಅನ್ನ, ತೆಳ್ಳಗೆ ಬೇಳೆ, ಮೊಸರು."

"ಮೊಸರು ಸ್ವಲ್ಪ ಜಾಸ್ತಿ ತನ್ನಿ. ತಿಂದು ವರ್ಷಗಳಾಯ್ತು."

ಮಾರ್ಚ್ 12, ಬೆಳಿಗ್ಗೆ 6

ಅಮ್ಮ ನನಗಿಂತ ಮೊದಲೇ ಅಡುಗೆಮನೆಯಲ್ಲಿದ್ದಳು. ಅಕ್ಕಿ ತೊಳೆದು ಇಟ್ಟಿದ್ದಳು.

"ಇವತ್ತಾದ್ರೂ ಅವರು ತಿಂತಾರಾ?"

"ತಿಂತಾರೆ."

"ಹಾಗಾದ್ರೆ ಆ ಕಡೆ ಸರಿ. ಕ್ಯಾಂಟೀನ್ ಅಡುಗೆ ಮಾಡಿ ಮಾಡಿ ನಿನ್ನ ಕೈಗೆ ಉಪ್ಪಿನ ಲೆಕ್ಕಾನೇ ತಪ್ಪಿದೆ."

ಮಾರ್ಚ್ 12, ಸಂಜೆ

ಎಲ್ಲವನ್ನೂ ಬರೆಯಬೇಕು.

ಸಮಿತಿ ರೂಮಿನ ಹೊರಗೆ ಬೆಂಚಿನ ಮೇಲೆ ಕೂತು ಉಂಡರು. ಬೇರೆ ಯಾರಾದರೂ ಮಧ್ಯಾಹ್ನ ಉಣ್ಣುವಷ್ಟೇ. ಮೇಷ್ಟ್ರು ಮೊಸರನ್ನ ಎರಡು ಸಲ ಹಾಕಿಸಿಕೊಂಡರು. ಮಕ್ಕಳ ಹಾಗೆ ಬೆರಳು ನೆಕ್ಕಿದರು. ನನಗೆ ನೋಡಲಾಗಲಿಲ್ಲ, ಡಬ್ಬಿ ತೊಳೆಯುವ ನೆಪ ಮಾಡಿ ಆಚೆ ಹೋದೆ.

ಒಳಗೆ ಕರೆದರು. ಮೇಷ್ಟ್ರು ಎರಡನೇ ಪುಟ ಓದುತ್ತಿದ್ದರು. ಒಂದು ವಾಕ್ಯದ ನಡುವೆ ನಿಂತರು. ಹಣೆಯಲ್ಲಿ ಬೆವರು. "ಕ್ಷಮಿಸಿ" ಅಂದು ಬಾಗಿಲಿಗೆ ನಡೆದರು. ಬಾಗಿಲು ತೆರೆದೇ ಇತ್ತು. ಎಲ್ಲರಿಗೂ ಕೇಳಿಸಿತು, ಗಾರ್ಡ್ ಹೇಳಿದ್ದು: "ಸಾರ್, ಈ ಟಾಯ್ಲೆಟ್ ಸದಸ್ಯರಿಗೆ ಮಾತ್ರ. ನಿಮ್ಮದು ಕೆಳಗಡೆ, ಆ ತುದಿ."

ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು. ಬೇಗ ಬೇಗ. ಆಮೇಲೆ ನಡುವಿನಲ್ಲೆಲ್ಲೋ ನಿಂತುಹೋಯಿತು.

ಕಂಡಕ್ಟರ್ ತನ್ನ ಕೋಟು ತೆಗೆದುಕೊಂಡು ಅವರ ಹಿಂದೆ ಓಡಿದ. ಹೋದವನು ಬೇಗ ಬರಲಿಲ್ಲ. ಅವನಿಗೂ ಹಿಡಿದುಕೊಂಡಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಟೈಲರ್ ನನ್ನ ಕಿವಿಯಲ್ಲಿ, "ಚೀಲ ತುಂಬ್ತು ಅಕ್ಕ, ನೀವೇ ನೋಡ್ಕೊಳ್ಳಿ" ಅಂದು ಹೊಟ್ಟೆ ಹಿಡಿದು ಎದ್ದಳು.

ಮೂರು ಖಾಲಿ ಕುರ್ಚಿ. ನಾನು. ಎದುರಿಗೆ ಇಡೀ ಸಮಿತಿ.

ಅಧ್ಯಕ್ಷರು ಗಡಿಯಾರ ನೋಡಿದರು. "ಕಾಯೋಣ. ಎಷ್ಟು ಹೊತ್ತಾಗುತ್ತೆ?"

"ಗೊತ್ತಿಲ್ಲ ಸಾರ್."

"ಅಂದಾಜು?"

"ಅವರಿಗೇ ಗೊತ್ತಿರಲ್ಲ."

ತುದಿಯಲ್ಲಿದ್ದ ಹೆಂಗಸು ಸದಸ್ಯೆ ಕೇಳಿದರು, "ಏನು ತಿಂದ್ರೆ ಹೀಗಾಗುತ್ತೆ ಅಂತ ಡಾಕ್ಟರ್ ಹೇಳಿರಬೇಕಲ್ಲಮ್ಮ?"

"ಅನ್ನ ಮೊಸರು ತಿಂದ್ರು ಮೇಡಂ. ಈ ಕಾಯಿಲೆ ಯಾಕೆ ಬರುತ್ತೆ, ಯಾವಾಗ ಕೆರಳುತ್ತೆ, ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ದುಡ್ಡು ಕೇಳ್ತಿರೋದು."

ನನ್ನ ಬಾಯಿಂದಲೇ ಬಂತು. ಆಮೇಲೂ ನಿಲ್ಲಲಿಲ್ಲ. "ಹೋದ ಸಲ ಇವರು ಎರಡು ದಿನ ಉಪವಾಸ ಇದ್ದು ಬಂದಿದ್ರು. ನೀವು ಹುಷಾರಾಗಿದ್ದೀರಿ ಅಂದ್ರಿ. ನನ್ನ ತಂಗೀನೂ ಹಾಗೇ ಹುಷಾರಾಗಿದ್ಲು. ಈ ಕುರ್ಚಿ ಅವಳದ್ದು."

ಅಧ್ಯಕ್ಷರು ಮಾತ್ರೆ ಚೀಪುವುದನ್ನು ನಿಲ್ಲಿಸಿದ್ದರು. ಎದ್ದು ಬಾಗಿಲಿಗೆ ಹೋಗಿ ಗಾರ್ಡಿಗೆ ಏನೋ ಹೇಳಿದರು. ಬಂದು ಕೂತರು. ಕಾದರು. ಯಾರೂ ಫೋನ್ ಮುಟ್ಟಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕಾಯುವುದು ಅವರಿಗೆ ಹೊಸದಿರಬೇಕು. ನನಗೆ ಹಳೆಯದು. ಎಷ್ಟೋ ಟಾಯ್ಲೆಟ್ಟುಗಳ ಹೊರಗೆ ಅವಳ ಬ್ಯಾಗ್ ಹಿಡಿದು ನಿಂತಿದ್ದೇನೆ.

ಟೈಲರ್ ಮೊದಲು ಬಂದಳು, ಆಮೇಲೆ ಕಂಡಕ್ಟರ್. ಮೇಷ್ಟ್ರು ಬರಲಿಲ್ಲ. ಅವರ ಉಳಿದ ಪುಟ ಟೈಲರ್ ಓದಿದಳು.

ಕೆಳಗೆ ಟ್ಯಾಕ್ಸಿಯಲ್ಲಿ ಕೂತಿದ್ದರು ಮೇಷ್ಟ್ರು. ಸೊಂಟಕ್ಕೆ ಕಂಡಕ್ಟರನ ಕೋಟು. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದರು. ಅವರ ಮನೆ ಬಂದಾಗ ಇಳಿದು, ಹಿಂತಿರುಗದೆ ಹೋದರು.

ಮಾರ್ಚ್ 13

ಮೇಷ್ಟ್ರು ಫೋನ್ ಎತ್ತಲಿಲ್ಲ.

ಮಾರ್ಚ್ 15

ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಬೇಳೆಗೆ ಉಪ್ಪು ಹಾಕುವುದೇ ಮರೆತೆ.

ಮಾರ್ಚ್ 23, ಭಾನುವಾರ

ಬಾಗಿಲು ತಟ್ಟಿದ ಸದ್ದು. ಮೇಷ್ಟ್ರು. ಕೈಯಲ್ಲಿ ಅಂದು ಉಳಿದುಹೋಗಿದ್ದ ನನ್ನ ಡಬ್ಬಿ, ತೊಳೆದದ್ದು.

ನಾನು ಏನೋ ಹೇಳಹೋದೆ. ಕೈ ಅಡ್ಡ ಹಿಡಿದರು.

"ಜೀವಮಾನ ಎಲ್ಲ ಪಾಠ ಹೇಳಿದೀನಿ ತಾಯಿ. ಯಾವ ಕ್ಲಾಸೂ ಆ ಸಮಿತಿಯಷ್ಟು ಗಮನ ಕೊಟ್ಟು ಕೂತಿರಲಿಲ್ಲ. ಟೈಲರ್ ಎಲ್ಲ ಹೇಳಿದ್ಲು. ಅದೂ ನಾನು ಕ್ಲಾಸಲ್ಲಿ ಇಲ್ಲದಾಗ."

ನಕ್ಕರು. ಕಣ್ಣು ಒದ್ದೆಯಾಗಿತ್ತು. ಆ ಹತ್ತು ಹನ್ನೊಂದು ದಿನ ಏನೇನು ಅನುಭವಿಸಿದರೋ, ಕೇಳಲಿಲ್ಲ.

ಅಮ್ಮ ಒಳಗಿಂದಲೇ, "ಟಾಯ್ಲೆಟ್ ಈ ಕಡೆ ಇದೆ ಮೇಷ್ಟ್ರೇ, ಖಾಲಿ ಇದೆ, ಆರಾಮಾಗಿ ಕೂತ್ಕೊಳ್ಳಿ, ಮೊಸರನ್ನ ಕಲಸ್ತೀನಿ" ಅಂದಳು. ಟಾಯ್ಲೆಟ್ ಅನ್ನುವುದು ಅವಳು ಯಾರ ಮುಂದೆಯೂ ಬಾಯಿಗೆ ತಾರದ ಮಾತು.

ಏಪ್ರಿಲ್ 4

ಸಮಿತಿಯ ವರದಿ ಬಂತು. ಟಾಯ್ಲೆಟ್ ಭಾಗ ಇದೆ. ಸಂಶೋಧನೆಯ ಭಾಗವೂ ಇದೆ! ಕೇಳಿದಷ್ಟು ಹಣವಲ್ಲ. ಆದರೆ ಪ್ರತಿವರ್ಷ. ಟೈಲರ್ ಫೋನಿನಲ್ಲಿ ಅಳುತ್ತ ಬೈಯುತ್ತಿದ್ದಳು, ಯಾರಿಗೆ ಅಂತ ಗೊತ್ತಾಗಲಿಲ್ಲ.

ಇನ್ನು ಸದನ ಒಪ್ಪಬೇಕು. ಖರ್ಚು ಜಾಸ್ತಿಯಾಯಿತು ಅಂತ ಕೆಲವರ ತಕರಾರು ಇದೆಯಂತೆ. ಮೇಷ್ಟ್ರು ಲೆಕ್ಕ ಹಾಕಿದ್ದಾರೆ. ಆ ಕಡೆ ಈ ಕಡೆ ಸಮ ಸಮ.

ತಂಗಿಗೆ ಹೇಳಬೇಕು ಅನಿಸಿತು. ಫೋನ್ ಕೈಗೆ ತೆಗೆದುಕೊಂಡೇಬಿಟ್ಟಿದ್ದೆ.

ಏಪ್ರಿಲ್ 17, ಮಧ್ಯಾಹ್ನ

ಸದನದ ಮೇಲಿನ ಗ್ಯಾಲರಿ. ಪುಸ್ತಕ ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಮ್ಮನೂ ಬಂದಿದ್ದಾಳೆ, ಹೊಸ ಸೀರೆ. ಕಂಡಕ್ಟರ್, ಟೈಲರ್ ಬಾಗಿಲ ಬದಿ. ಮೇಷ್ಟ್ರು ಉಂಡು ಬಂದಿದ್ದಾರೆ. ಈಗಾಗಲೇ ಒಮ್ಮೆ ಹೊರಗೆ ಹೋಗಿ ಬಂದರು, ತಲೆ ಎತ್ತಿಕೊಂಡೇ.

ಚರ್ಚೆ ಮುಗಿಯಿತು. ಧ್ವನಿಮತದಲ್ಲಿ ತೀರ್ಮಾನವಾಗಲಿಲ್ಲ, ಎರಡೂ ಕಡೆ ಅಷ್ಟೇ ಗಟ್ಟಿ. ಪರವಾಗಿರುವವರು ಎದ್ದು ನಿಲ್ಲಬೇಕಂತೆ, ಎಣಿಸುತ್ತಾರಂತೆ.

ಮೊದಲು ಎದ್ದವರು ನಮ್ಮ ಅಧ್ಯಕ್ಷರು. ಅವರ ಹಿಂದೆ ಆ ಹೆಂಗಸು ಸದಸ್ಯೆ. ಇನ್ನಿಬ್ಬರು. ಬಲಗಡೆ ಪೂರ್ತಿ ಕೂತೇ ಇದೆ... ಇಲ್ಲ, ಹಿಂದಿನ ಸಾಲಿನಲ್ಲಿ ಒಬ್ಬರು ಮುದುಕರು ಮೇಜು ಹಿಡಿದು ಏಳುತ್ತಿದ್ದಾರೆ. ಅಮ್ಮ ನನ್ನ ಮೊಣಕೈ ಹಿಡಿದಿದ್ದಾಳೆ, ಅಕ್ಷರ ಸೊಟ್ಟ ಆಗುತ್ತಿದೆ. ಮಧ್ಯದ ಸಾಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಒಬ್ಬಾಕೆ ಎದ್ದರು. ಪಕ್ಕದವರೂ. ಅವರ ಪಕ್ಕದವರೂ—