ಅಮಾಸಿಗೆ ನಿಂತ ಗಾಡಿ

ಆಗಸ್ಟ್ ೧೮, ಸೋಮವಾರ

ಬರೆಯುವುದು ನನ್ನಿಂದಾಗದ ಕೆಲಸ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಐವತ್ತು ವರ್ಷ ಕಲ್ಲು ನೋಡಿದ್ದೇನೆ, ಕಾಗದ ಮುಟ್ಟಿಲ್ಲ. ಆಫೀಸಿನ ವಿದ್ಯಾ ಈ ಡೈರಿ ತಂದು ಕೈಗೆ ತುರುಕಿದಳು. ಹೋದ ತಿಂಗಳು ಒಂದು ಕಲ್ಲಿನೊಳಗೆ ಬಿರುಕಿದೆ ಎಂದು ಮೊದಲೇ ಹೇಳಿದ್ದೆ. ಹೇಳಿಲ್ಲ ಎಂದು ಮಾಲಕ ಸಾಧಿಸಿದ. ನನ್ನ ಹತ್ತಿರ ಸಾಕ್ಷಿ ಇಲ್ಲ. ಅದಕ್ಕೆ ದಿನಾ ಆದದ್ದು ಬರೆದಿಡಬೇಕಂತೆ. ಯಾರೂ ಓದುವುದಿಲ್ಲವಂತೆ. ಯಾರೂ ಓದದಿದ್ದರೆ ಯಾಕೆ ಬರೆಯಲಿ ಎಂದೆ. ನಕ್ಕಳು. ಹುನಗುಂದದಿಂದ ದಿನಾ ಬಸ್ಸಿಗೆ ಬರುವ ಹೆಣ್ಣುಮಗಳು. ಹಡಗಿಗೆ ಹೋಗುವ ಮಾಲಿನ ಕಾಗದಪತ್ರವೆಲ್ಲ ಅವಳದೇ ಕೆಲಸ.

ಸರಿ, ಬರೆದೆ. ಇವತ್ತು ಪಾಲಿಶ್ ಆದ ಕಲ್ಲು ಹದಿನೆಂಟು. ಎರಡರ ಅಂಚು ಸರಿಯಿಲ್ಲ, ವಾಪಸ್ ಕಳಿಸಿದೆ. ಬೈದೆ. ನಮ್ಮ ಇಳಕಲ್ಲಿನ ಕೆಂಪು ಕಲ್ಲು ಅಮೆರಿಕದ ಗೋರಿಗಳಿಗೆ ಹೋಗುತ್ತದೆ. ಮುಖ ಕಾಣುವಷ್ಟು ಹೊಳೆಯಬೇಕು. ಸತ್ತವನು ನೋಡುವುದಿಲ್ಲ. ನಾನು ನೋಡುತ್ತೇನೆ.

ಆಗಸ್ಟ್ ೨೦, ಬುಧವಾರ

ಮಶೀನ್ ಬಂದ್ ಮಾಡಿಸಿ ಮಾಲಕ ವಿಜಯಮಹಾಂತೇಶ ಎಲ್ಲರನ್ನೂ ಕರೆದ. ಇವನಪ್ಪನ ಕಾಲಕ್ಕೇ ನಾನು ಇಲ್ಲಿ ಮೇಸ್ತ್ರಿ. ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಖಣಿ ತೋರಿಸಿದ್ದೇನೆ.

ವಿಷಯ ಇಷ್ಟು. ಇಪ್ಪತ್ತೇಳರಿಂದ ಅಮೆರಿಕ ನಮ್ಮ ದೇಶದ ಮಾಲಿಗೆ ನೂರಕ್ಕೆ ಐವತ್ತು ಸುಂಕ ಹಾಕುತ್ತದೆ. ಅಲ್ಲಿಯ ಖರೀದಿದಾರನ ಮಾತು — ಇಪ್ಪತ್ತಾರರ ಹಡಗಿಗೆ ಮಾಲು ಏರಿದರೆ ಹಳೆಯ ಸುಂಕವೇ, ಅದನ್ನು ಅವನು ಹೊರುತ್ತಾನೆ. ತಪ್ಪಿದರೆ ಹೆಚ್ಚಿನದನ್ನು ನಾವು ಹೊರಬೇಕು. ಮದ್ರಾಸ್ ಬಂದರಿನ ಗೇಟು ಈ ಹಡಗಿಗೆ ಸೋಮವಾರ ಮಧ್ಯಾಹ್ನ ಮುಚ್ಚುತ್ತದೆ. ಗಾಡಿಗೆ ಎರಡು ದಿನದ ದಾರಿ.

ಇಷ್ಟು ಹಾಕಲು ಅವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ವಿದ್ಯಾಳನ್ನು ಕೇಳಿದೆ. ಜಿನೀವಾ ಎಂಬ ಊರಿನಲ್ಲಿ ಎಲ್ಲ ದೇಶದವರು ಕೂಡುತ್ತಾರಂತೆ. ಇಷ್ಟಕ್ಕಿಂತ ಹೆಚ್ಚು ಸುಂಕ ಹಾಕುವುದಿಲ್ಲ ಎಂದು ಒಬ್ಬೊಬ್ಬರೂ ಬರೆದುಕೊಟ್ಟಿದ್ದಾರಂತೆ. ಒಬ್ಬನಿಗೆ ಒಂದು, ಮತ್ತೊಬ್ಬನಿಗೆ ಇನ್ನೊಂದು ಮಾಡಬಾರದಂತೆ. ಮುರಿದರೆ? ನ್ಯಾಯ ಹೇಳಲು ಪಂಚರಿದ್ದಾರೆ. ಸೋತವನು ಮೇಲಿನ ಪಂಚರಿಗೆ ದೂರು ಒಯ್ಯಬಹುದು. ಅಲ್ಲಿ ಏಳು ಕುರ್ಚಿ. ಸುಮಾರು ಐದು ವರ್ಷದಿಂದ ಏಳೂ ಖಾಲಿ. ಹೊಸಬರನ್ನು ಕೂರಿಸಲು ಅಮೆರಿಕ ಒಪ್ಪುತ್ತಿಲ್ಲ. ಹಾಗಾಗಿ ಸೋತವನು ಮೇಲೆ ಹೋಗುತ್ತೇನೆ ಎಂದರೆ ಮುಗಿಯಿತು, ತೀರ್ಪು ಅಲ್ಲೇ ಕೊಳೆಯುತ್ತದೆ.

"ಅಂದ್ರ ಕಟ್ಟಿ ಅದ, ಪಂಚರಿಲ್ಲ."

"ಹೂಂ ಮುತ್ಯಾ."

"ನ್ಯಾಯ ಇಲ್ಲ ಅಂತ ಸೀದಾ ಹೇಳು. ಜಿನೀವಾ ಯಾಕ ಸುತ್ತಸ್ತಿ?"

ನಮ್ಮ ಅಮ್ಮನ ಅಮ್ಮ ಹೇಳುತ್ತಿದ್ದಳು. ಆಗ ಇಳಕಲ್ ಇಂಗ್ರೇಜರದು, ಆಚೆಯ ಕುಷ್ಟಗಿ ನಿಜಾಮನದು. ನಡುವೆ ಸುಂಕ ಕಟ್ಟಿಸಿಕೊಳ್ಳುವ ಜಕಾತಿ ನಾಕಾ. ಕುಷ್ಟಗಿ ಕಡೆಯ ತವರಿಗೆ ಹೋಗುವಾಗ ಮೈಮೇಲೆ ಮೂರು ಸೀರೆ ಒಂದರ ಮೇಲೊಂದು ಉಡುತ್ತಿದ್ದಳಂತೆ, ಬರುವಾಗ ಒಂದು. ಎರಡು ಅಲ್ಲಿ ಮಾರಿ. ನಾಕಾದವನು ಪ್ರತಿ ಸಲ ಕೇಳುತ್ತಿದ್ದನಂತೆ, "ಯವ್ವಾ, ತವರಮನ್ಯಾಗ ಉಣ್ಣಾಕ ಹಾಕೂದಿಲ್ಲೇನು, ಇಷ್ಟು ಸೊರಗಿ ಬರ್ತಿ?"

ಕಲ್ಲನ್ನು ಮೈಗೆ ಸುತ್ತಿಕೊಳ್ಳಲು ಬರುವುದಿಲ್ಲ.

ಆಗಸ್ಟ್ ೨೨, ಶುಕ್ರವಾರ, ಸಂಜೆ ೭

ಮೂರಕ್ಕೆ ಪ್ಯಾಕಿಂಗ್ ಮುಗಿಯಿತು. ನಾಲ್ಕಕ್ಕೆ ಕಂಟೇನರ್ ಗಾಡಿ ತಯಾರು. ವಿದ್ಯಾ ಎಲ್ಲ ಕಾಗದಕ್ಕೆ ಠಸ್ಸೆ ಹಾಕಿ ಡ್ರೈವರ್ ಫಾರೂಕನ ಕೈಗೆ ಕೊಟ್ಟಳು. ನಾನು ಗಾಡಿಯ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡೆ.

ಮಧ್ಯಾಹ್ನದಿಂದ ಬೆನಕನ ಅಮಾಸಿ, ಶ್ರಾವಣದ ಅಮಾವಾಸ್ಯೆ, ಹತ್ತಿದೆ. ಅಮಾಸಿಗೆ ಈ ಗೇಟಿನಿಂದ ಕಲ್ಲು ಹೊರಗೆ ಹೋಗುವುದಿಲ್ಲ. ಇಪ್ಪತ್ತೇಳು ವರ್ಷದ ನೇಮ. ಎಲ್ಲರಿಗೂ ಗೊತ್ತು.

ಫಾರೂಕ ಮೊದಲು ನಕ್ಕ. ತನಗೆ ಅಮಾಸಿಯೂ ಇಲ್ಲ, ಹುಣ್ಣಿಮೆಯೂ ಇಲ್ಲ, ಕೀಲಿ ಕೊಡಿ ಎಂದ. ಆಮೇಲೆ ಗಾಡಿಯ ನೆರಳಿನಲ್ಲಿ ಮಲಗಿದ. ವಿದ್ಯಾ ನಗಲಿಲ್ಲ.

"ಕೊಳ್ಳಾಗ ಲಿಂಗ, ಹಣಿ ಮ್ಯಾಲ ಈಬತ್ತಿ. ಬಸವಣ್ಣನ ಮಂದಿಗೆ ಅಮಾಸಿ ಎಲ್ಲಿಂದ ಬಂತ್ರಿ ಮುತ್ಯಾ?"

"ಹುಲ್ಲಪ್ಪನ ಕಾಲಿಂದ ಬಂತು."

ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಅದೂ ಅಮಾಸಿ ದಿನ. ಇದೇ ಗೇಟು. ನಾನು ಬಾ ಎಂದು ಕೈ ಮಾಡಿದೆ, ಲಾರಿ ಮುಂದೆ ಬಂತು, ಸರಪಳಿ ಬಿಚ್ಚಿ ಕಲ್ಲು ಜಾರಿತು. ಹುಲ್ಲಪ್ಪ ಕೆಳಗಿದ್ದ. ಎರಡೂ ಕಾಲು ಹೋದವು. ದವಾಖಾನೆಯಲ್ಲಿ ಅವನ ಕೈ ಹಿಡಿದು ಮಾತು ಕೊಟ್ಟೆ.

ಅವಳು ಮಾಲಕನಿಗೆ ಫೋನ್ ಹಚ್ಚಿದಳು. ಬಾಗಲಕೋಟೆಯಲ್ಲಿದ್ದ, ಯಾವುದೋ ಬೀಗರ ಮನೆ. ನನ್ನ ಕಿವಿಗೆ ಕೊಟ್ಟಳು. "ಕಾಕಾ, ನೀವು ಹಿರ್ಯಾರು, ನೀವ ನೋಡ್ರಿ" ಎಂದು ಇಟ್ಟ. ಕಳಿಸು ಎನ್ನಲಿಲ್ಲ.

ಆಗಸ್ಟ್ ೨೪, ರವಿವಾರ

ಅಮಾಸಿ ನಿನ್ನೆ ಮಧ್ಯಾಹ್ನಕ್ಕೇ ಮುಗಿದಿತ್ತು. ಆಗ ಬಿಟ್ಟರೂ ಮುಟ್ಟುತ್ತದೆ ಎಂದು ವಿದ್ಯಾ ಮತ್ತೆ ಬಂದು ಕೇಳಿದಳು, ರಜೆ ಹಾಕಿದ್ದರೂ ಬಂದಿದ್ದಳು. ಅಮಾಸಿಯಲ್ಲಿ ಹೊತ್ತು ಹುಟ್ಟಿದರೆ ಆ ದಿನ ಪೂರ್ತಿ ಅಮಾಸಿಯೇ ಎಂದೆ. ಇವತ್ತು ಬೆಳಿಗ್ಗೆ ಆರಕ್ಕೆ ಕಾಯಿ ಒಡೆದು ಬಿಟ್ಟೆ. ಫಾರೂಕ ಓಡಿಸುತ್ತಾನೆ. ಮುಟ್ಟುತ್ತಾನೆ.

ಆಗಸ್ಟ್ ೨೬, ಮಂಗಳವಾರ

ಮುಟ್ಟಲಿಲ್ಲ. ಹಡಗು ಹೋಯಿತು.

ಸೆಪ್ಟೆಂಬರ್ ೪, ಗುರುವಾರ

ಎಂಟು ದಿನ ಈ ಡೈರಿ ಮುಟ್ಟಿಲ್ಲ.

ಮಾಲು ಮುಂದಿನ ಹಡಗಿಗೆ ಹೋಗಿದೆ. ಸುಂಕ ನಮ್ಮ ತಲೆಗೆ. ಇವತ್ತು ಆಫೀಸಿನಲ್ಲಿ ವಿದ್ಯಾಳ ಕುರ್ಚಿ ಖಾಲಿ. ನೀರಿನ ಬಾಟಲಿ ಅಲ್ಲೇ ಇದೆ.

ಸೆಪ್ಟೆಂಬರ್ ೫, ಶುಕ್ರವಾರ

ಮಾಲಕ ಒಳಗೆ ಕರೆದ. ಬಾಗಿಲು ಹಾಕಿದ. ಚಹಾ ತರಿಸಿದ. ಚಹಾ ತರಿಸಿದಾಗಲೇ ತಿಳಿಯಿತು.

ಕಾಗದ ತಡವಾಯಿತು, ಆಫೀಸಿನ ಹೆಣ್ಣುಮಗಳ ತಪ್ಪು, ತೆಗೆದುಹಾಕಿದ್ದೇವೆ — ಹೀಗೆಂದು ಖರೀದಿದಾರನಿಗೆ ಬರೆದಿದ್ದಾನೆ. ಅವನ ಏಜೆಂಟ್ ಈ ತಿಂಗಳ ಇಪ್ಪತ್ತೆರಡಕ್ಕೆ ಬರುತ್ತಾನೆ. ಗೇಟಿನ ಪುಸ್ತಕ ನೋಡುತ್ತಾನೆ. ಆ ಪುಸ್ತಕದಲ್ಲಿ ಆಗಸ್ಟ್ ೨೨ರ ಸಾಲು ಖಾಲಿ. ಹೋದ ಗಾಡಿಯನ್ನು ಬರೆಯುತ್ತೇವೆ, ನಿಂತದ್ದನ್ನು ಯಾರು ಬರೆಯುತ್ತಾರೆ.

"ಕಾಗದ ಇರಲಿಲ್ಲ, ಗಾಡಿ ನಿಂತಿತು ಅಂತ ಒಂದು ಸಾಲು ಬರದು ಸಹಿ ಮಾಡ್ರಿ ಕಾಕಾ."

"ಕಾಗದ ಇತ್ತು. ಕೀಲಿ ನನ್ನ ಹಂತ್ಯಾಕಿತ್ತು."

"ಅಮಾಸಿ ಸಲುವಾಗಿ ನಿಲ್ಲಿಸಿದ್ವಿ ಅಂತ ಅವಗ ಹ್ಯಾಂಗ ಹೇಳ್ಲಿ? ಇನ್ನೊಂದು ಕಲ್ಲು ತಗೊಳ್ಳಂಗಿಲ್ಲ ಅಂವಾ. ಮೂವತ್ತು ಮಂದಿ ಅದಾರ ಯಾರ್ಡಿನ್ಯಾಗ. ನೀವ ಹೇಳ್ರಿ, ಯಾರನ್ನ ಮನಿಗೆ ಕಳಸ್ಲಿ?"

ಚಹಾ ಕುಡಿಯಲಿಲ್ಲ. ಹೊರಗೆ ಬಂದರೆ ಪಾಲಿಶ್ ಮಶೀನಿನ ಹತ್ತಿರ ಎಲ್ಲರೂ ತಲೆ ಬಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದರು. ಅವರಿಗೂ ಗೊತ್ತು.

ಸೆಪ್ಟೆಂಬರ್ ೯, ಮಂಗಳವಾರ

ವಿದ್ಯಾಳಿಗೆ ಫೋನ್ ಮಾಡಿದೆ. ಇಳಕಲ್ಲಿನ ಬೇರೆ ಎರಡು ಕಡೆ ಕೆಲಸ ಕೇಳಿದ್ದಾಳೆ. ಇಬ್ಬರದೂ ಒಂದೇ ಪ್ರಶ್ನೆ — ಹಡಗು ತಪ್ಪಿಸಿದ ವಿದ್ಯಾ ನೀವೇ ಏನ್ರಿ? ಆಮೇಲೆ ಅವಳೇ ಕೇಳಿದಳು.

"ಬರದಿಡ್ರಿ ಅಂದಿದ್ದೆ. ಬರದೀರೋ ಇಲ್ಲೋ?"

ಬರೆದಿದ್ದೇನೆ ಎಂದೆ. "ಹಂಗಾದ್ರ ಆತು" ಎಂದಳು. ಏನು ಆಯಿತು, ಹೇಳಲಿಲ್ಲ.

ಮನೆಯಲ್ಲಿ ಹೆಂಡತಿ ಗುರುಲಿಂಗವ್ವ ಊಟಕ್ಕೆ ಕರೆದಳು. ರೇಗಿದೆ. ತಾಟು ನನ್ನ ಮುಂದೆ ಇಟ್ಟು, ಸಿಟ್ಟು ಯಾರ ಮೇಲಿದೆಯೋ ಅವರ ಮನೆಗೆ ಹೋಗಿ ಮಾಡಿ ಎಂದಳು. ಯಾರ ಮನೆ? ಸಹಿ ಮಾಡಿದರೆ ಒಬ್ಬಳು ಹೋಗುತ್ತಾಳೆ. ಮಾಡದಿದ್ದರೆ ಮೂವತ್ತು ಮಂದಿ. ಖಣಿಯ ತಳದಲ್ಲಿ ನಿಂತ ಹಾಗೆ. ನಾಲ್ಕೂ ಕಡೆ ನಾನೇ ಕಡಿಸಿದ ಕಲ್ಲು.

ಸೆಪ್ಟೆಂಬರ್ ೧೪, ರವಿವಾರ

ಹುಲ್ಲಪ್ಪನ ಹತ್ತಿರ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಅವನ ಎಲೆ ಅಡಿಕೆ ಅಂಗಡಿ. ಮೂರು ಗಾಲಿಯ ಗಾಡಿಯಲ್ಲೇ ಕೂತಿರುತ್ತಾನೆ. ಎಲ್ಲ ಹೇಳಿದೆ. ನಿನಗೆ ಕೊಟ್ಟ ಮಾತಿಗೆ ನಿಂತೆ, ಹೀಗಾಯಿತು ಎಂದೆ. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡ. ಬಹಳ ಹೊತ್ತು ಹಚ್ಚಿದ.

"ನನ್ನ ಕಾಲು ಅಮಾಸಿಗೆ ಹೋಗ್ಲಿಲ್ಲಲೇ ಶಂಕ್ರ್ಯಾ. ಸರಪಳಿ ಸವದಿತ್ತು. ಮುಂಜಾನೆ ನಾ ನಿನಗ ತೋರ್ಸಿದ್ದೆ. ಇದೊಂದು ಸಲ ನಡೀತದ ಅಂದಿ."

ಎಲೆಗೆ ಅಡಿಕೆ ಹಾಕಿದ.

"ದವಾಖಾನ್ಯಾಗ ನೀ ಅಮಾಸಿ ಅಂದಿ. ನಿನಗ ಸಮಾಧಾನ ಆಗ್ತದಂದ್ರ ಆಗ್ಲಿ ಅಂತ ನಾನೂ ಹೂಂ ಅಂದೆ."

ಎಲೆ ಮಡಚಿ ಕೊಟ್ಟ. ಬಾಯಿಗೆ ಹಾಕಿಕೊಂಡೆ.

ಖರೆ. ತೋರಿಸಿದ್ದ. ಒಂದು ಕೊಂಡಿ ಅರ್ಧ ಸವೆದಿತ್ತು. ಕಲ್ಲಿನೊಳಗಿನ ಬಿರುಕು ಹೊರಗಿನಿಂದ ಕಾಣುವ ಕಣ್ಣು ನನ್ನದು, ಅದನ್ನು ಕಂಡೂ ಕೈ ಮಾಡಿದೆ. ಇಪ್ಪತ್ತೇಳು ವರ್ಷ ತಿಂಗಳಿಗೊಂದು ದಿನ ಗೇಟು ಹಾಕಿ, ಆ ಕೊಂಡಿಯನ್ನು ಮರೆತೆ.

ಸೆಪ್ಟೆಂಬರ್ ೧೮, ಗುರುವಾರ, ಮಧ್ಯಾಹ್ನ

ಊಟದ ಹೊತ್ತಿನಲ್ಲಿ ಗೇಟಿನ ಪುಸ್ತಕ ತೆಗೆದು ಆಗಸ್ಟ್ ೨೨ರ ಸಾಲಿನಲ್ಲಿ ಬರೆದೆ. ಕಾಗದ ತಯಾರಿತ್ತು. ಗಾಡಿ ತಯಾರಿತ್ತು. ಕೀಲಿ ಮೇಸ್ತ್ರಿ ಶಂಕ್ರಪ್ಪನ ಕಿಸೆಯಲ್ಲಿತ್ತು. ಸಹಿ ಮಾಡಿದೆ.

ಇನ್ನು ಕೆಳಗಿನದನ್ನು ಹರಿದು ಮಾಲಕನ ಮೇಜಿನ ಮೇಲೆ ಇಡುತ್ತೇನೆ. ಉಳಿದ ಡೈರಿ ನನ್ನ ಟ್ರಂಕಿನಲ್ಲಿರುತ್ತದೆ.

ವಿಜಯಮಹಾಂತೇಶ,
ಏಜೆಂಟನಿಗೆ ನನ್ನ ಹೆಸರು ಹೇಳು. ತಲೆಕೆಟ್ಟ ಮುದುಕ, ಹೇಳಿದ ಮಾತು ಕೇಳಲಿಲ್ಲ, ತೆಗೆದುಹಾಕಿದೆವು ಎನ್ನು. ಅಮಾಸಿ ಮಾತು ಬೇಕಿದ್ದರೆ ಎತ್ತು, ಬೇಡವಾದರೆ ಬಿಡು. ಇನ್ನು ನಾನು ಕೆಲಸಕ್ಕೆ ಈ ಗೇಟಿಗೆ ಬರುವುದಿಲ್ಲ. ನನ್ನ ಸಲುವಾಗಿ ಯಾರ ಮುಂದೆಯೂ ನೀನು ಕೈ ಮುಗಿಯುವುದು ಬೇಡ. ಆದರೆ ವಿದ್ಯಾಳ ತಪ್ಪಿಲ್ಲ ಎಂದು ನೀನೇ ಬರೆದು ಸಹಿ ಮಾಡಬೇಕು. ಖರೀದಿದಾರನಿಗೂ, ಅವಳಿಗೆ ಕೆಲಸ ಕೊಡದ ಆ ಇಬ್ಬರಿಗೂ. ಅವಳ ಕುರ್ಚಿ ಅವಳಿಗೆ ಕೊಡಬೇಕು. ಇಲ್ಲದಿದ್ದರೆ ಇಪ್ಪತ್ತೆರಡಕ್ಕೆ ನಾನು ದಿನಾ ಬರೆದಿಟ್ಟ ಡೈರಿ ಹಿಡಿದು ಏಜೆಂಟನ ಮುಂದೆ ನಾನೇ ಕೂರುತ್ತೇನೆ. ಅಂದು ಫೋನಿನಲ್ಲಿ ನೀನು ಹೇಳಿದ್ದೂ ಅದರಲ್ಲಿದೆ.

ಅವಳನ್ನು ಕರೆಯುತ್ತೀಯೋ ಇಲ್ಲವೋ. ಇಪ್ಪತ್ತೊಂದು, ರವಿವಾರ, ಸಂಜೆ ಆರರೊಳಗೆ ಹೇಳು. ಅವತ್ತು ಅಮಾಸಿ. ಮುಗಿಯಲಿ ತಡಿ ಎನ್ನಬೇಡ.