ಕಡೆಯ ಅಂಕಕ್ಕೆ ಇಟ್ಟ ಮಾತು

ಇಳಕಲ್ಲ
೯ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ತಮ್ಮ ನಾಗಲಿಂಗನಿಗೆ,

ಬಲಗೈಯ ಬಾವು ಇಳಿಯಿತೇ? ಮುರಿದ ಎರಡು ಬೆರಳು ಮಡಚಲು ಬರುತ್ತವೆಯೇ? ಆ ಪರದೇಶದಲ್ಲಿ ಚಳಿ ಭಾಳ ಎನ್ನುತ್ತಾರೆ. ಬಂಧನ ಕೇಂದ್ರದವರು ಕೊಟ್ಟ ಕಂಬಳಿ ಸಾಲದಿದ್ದರೆ ಬಾಯಿ ಬಿಟ್ಟು ಕೇಳು. ನೀನು ಕೇಳುವವನಲ್ಲ, ನನಗೆ ಗೊತ್ತು. ಹಸಿವಾದರೂ ಅಡುಗೆಮನೆಯ ಬಾಗಿಲು ಹಿಡಿದು ಸುಮ್ಮನೆ ನಿಲ್ಲುತ್ತಿದ್ದವನು.

ನಾನು ಆರಾಮ. ಮನೆ ಮಾತ್ರ ದೊಡ್ಡದಾಗಿದೆ. ಕಂಪನಿ ನಾಟಕದಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸಿದವಳಿಗೆ ಈಗ ಕೇಳುವವರೆಂದರೆ ನಾಲ್ಕು ಗೋಡೆ. ಮೊನ್ನೆ ನಿನ್ನ ಹಳೆಯ ಕಾಗದವೊಂದನ್ನು ನಿನ್ನದೇ ದನಿಯಲ್ಲಿ ಜೋರಾಗಿ ಓದಿಕೊಳ್ಳುತ್ತಿದ್ದೆ. ಪಕ್ಕದ ಮನೆಯ ಗುರುಲಿಂಗವ್ವ ಎರಡು ಕಪ್ಪು ಚಹಾ ಹಿಡಿದು ಬಂದೇಬಿಟ್ಟಳು: "ನಾಗಲಿಂಗ ಬಂದಾನೇನ ಬೇ? ದನಿ ಕೇಳಿಸ್ತು." ಬಂದಿಲ್ಲ ಎಂದೆ. ನಿನ್ನ ಪಾಲಿನದನ್ನು ಅವಳೇ ಕುಡಿದಳು.

ಈಗ ಸುದ್ದಿ. ಬಾಗಲಕೋಟೆಗೆ ಹೋಗಿ ವಕೀಲರಾದ ಸುನಂದಾ ಅವರನ್ನು ಕಂಡೆ. "ನನ್ನ ತಮ್ಮನ್ನ ಕಾವಲಿನವರು ಬಡದಾರ. ಆ ಕಡೀ ದೇಶಗಳೆಲ್ಲ ಕೂಡಿ ಕಟ್ಟಿದ ಮಾನವ ಹಕ್ಕಿನ ಕೋರ್ಟಿಗೇ ನೇರ ಬರೀರಿ" ಎಂದು ಅಬ್ಬರಿಸಿದೆ. ಹೊರಗೆ ಕುಳಿತಿದ್ದ ಕಕ್ಷಿದಾರರೆಲ್ಲ ಬಾಗಿಲಿಗೆ ಬಂದು ನಿಂತರು. ಆಕೆ ನೀರು ಕೊಟ್ಟು ಹೇಳಿದರು: "ಅಕ್ಕಾರ, ಆ ಕೋರ್ಟು ಮೊದಲ ಕೇಳೂದು ಒಂದ ಮಾತು. ಅವರು ಇರೋ ದೇಶದ ಕೋರ್ಟಿನ್ಯಾಗ ಇದನ್ನ ಹೇಳ್ಯಾರೇನು, ಅಲ್ಲಿ ಕಡೀ ಮೆಟ್ಟಲಾ ತನಕಾ ಹೋಗ್ಯಾರೇನು ಅಂತ. ಕೆಳಗ ಹೇಳದ್ದನ್ನ ಮ್ಯಾಲ ಹೇಳಿದರ ಕೇಳೂದಿಲ್ಲರಿ."

ಕಾಲ ಕೆಳಗಿನ ಹಲಗೆ ಸರಿದಂತಾಯಿತು. ಏಕೆಂದರೆ ಹೇಳಬೇಡವೆಂದವಳು ನಾನೇ. ವೀಸಾ ಮುಗಿದಿದೆ ಎಂದು ಕಲ್ಲು ಪಾಲಿಶ್ ಕಾರ್ಖಾನೆಯಿಂದ ನಿನ್ನನ್ನು ಹಿಡಿದೊಯ್ದರು. ಕಾವಲಿನವರು ಬೆರಳು ಮುರಿದದ್ದನ್ನು ನೀನು ಫೋನಿನಲ್ಲಿ ಹೇಳಿದ್ದು ವೀಸಾ ಕೇಸಿನ ಮೊದಲ ವಿಚಾರಣೆಯ ಹಿಂದಿನ ದಿನ. "ಸಣ್ಣ ಕೋರ್ಟಿನ್ಯಾಗ ಅದನ್ನ ಖರ್ಚ ಮಾಡಬ್ಯಾಡೋ ತಮ್ಮಾ, ಚಲೋ ಮಾತು ಕಡೀ ಅಂಕಕ್ಕ ಇರಲಿ" ಎಂದೆ. ನಲವತ್ತು ವರ್ಷ ಹಾಗೆಯೇ ಚಪ್ಪಾಳೆ ಗಿಟ್ಟಿಸಿದವಳು ನಾನು. ನೀನು ಅಕ್ಕನ ಮಾತು ಮೀರಲಿಲ್ಲ. ನ್ಯಾಯಾಧೀಶರು ಕೈಯ ಪಟ್ಟಿ ನೋಡಿ ಕೇಳಿದರೂ ಬಿದ್ದೆ ಎಂದೆಯಂತೆ.

ಬಡಿದದ್ದಕ್ಕೆ ಬೇರೆ ದೂರು ಕೊಡಲು ಈ ತಿಂಗಳ ಮೂವತ್ತರವರೆಗೆ ಅವಧಿ ಇದೆ. ಕೊಡು. ಕೆಳಗಿನ ಕೋರ್ಟು ತಳ್ಳಿದರೆ ಮೇಲಿನದಕ್ಕೆ ಹೋಗು, ಅದೂ ತಳ್ಳಿದರೆ ಅದರ ಮೇಲಿನದಕ್ಕೆ. ಎಲ್ಲ ಕಡೆಯೂ ಬೆರಳಿನ ಮಾತನ್ನೇ ಮೊದಲು ಹೇಳು. ಮೂರು ವರ್ಷ ಹಿಡಿಯಬಹುದು, ಅಲ್ಲಿಯವರೆಗೆ ನೀನು ಅಲ್ಲೇ ಇರಬೇಕಾದೀತು ಎಂದರು ಸುನಂದಾ. ಆಗಲಿ ಎಂದೆ. ಬಸ್ಸಿನಲ್ಲಿ ಹುನಗುಂದ ದಾಟುವವರೆಗೂ ಆ ಮೂರು ವರ್ಷವನ್ನೇ ಎಣಿಸುತ್ತಿದ್ದೆ.

ಬಸವಣ್ಣ ನಿನ್ನ ಬೆನ್ನಿಗಿರಲಿ. ಗುರುಲಿಂಗವ್ವ ಕೇಳಿದಳೆಂದು ತಿಳಿ.

ನಿನ್ನ ಅಕ್ಕ,
ಇಂದ್ರಾಬಾಯಿ

ತಾ.ಕ.: ಇಷ್ಟು ದಿನ ಏಕೆ ಸುಮ್ಮನಿದ್ದೆ, ಬಿದ್ದೆನೆಂದು ಏಕೆ ಹೇಳಿದೆ ಎಂದು ಕೇಳಿಯೇ ಕೇಳುತ್ತಾರೆ. ಆಗ ನನ್ನ ಮಾನ ಕಾಯಲು ಹೋಗಬೇಡ. ಅಕ್ಕ ಹೇಳಿದ್ದಳು ಎಂದು ಈ ಕಾಗದವನ್ನೇ ಕೋರ್ಟಿಗೆ ಕೊಡು. ಅದಕ್ಕೇ ಫೋನು ಬಿಟ್ಟು ಬರೆದಿದ್ದೇನೆ. ಸುನಂದಾ ನನ್ನ ಸಹಿಗೆ ಸಾಕ್ಷಿ ಹಾಕಿ, ಇದರ ಫೋಟೋವನ್ನು ನಾಳೆಯೇ ಅಲ್ಲಿನ ನಿನ್ನ ವಕೀಲರಿಗೆ ಕಳಿಸುತ್ತಾರೆ. ಈ ಸಲ ಬರೆದದ್ದನ್ನು ನಾಟಕದ ಮಾತಿನಂತೆ ಜೋರಾಗಿ ಓದಿ ನೋಡಲಿಲ್ಲ.